ಕಾಲಿಲ್ಲದ ಗೊಂಬೆಗಳ ಕ್ಲಾಸು

ಮಕ್ಕಳ ಕೈಗೆ ಜೇಡಿಮಣ್ಣು ಕೊಟ್ಟರೆ ಮೊದಲು ಹಾವು ಹುಟ್ಟುತ್ತದೆ, ಆಮೇಲೆ ಚಪಾತಿ. ಮಿಕ್ಕಿದ್ದು ಪಕ್ಕದವನ ಶರ್ಟಿಗೆ.

ಟೋಕಿಯೋದಲ್ಲಿ ನಮ್ಮ ದೇಶದ ಮಕ್ಕಳೇ ಜಾಸ್ತಿ ಇರುವ ಒಂದು ಶಾಲೆಯಲ್ಲಿ ನಾನು ಡ್ರಾಯಿಂಗ್ ಟೀಚರ್. ಈ ಸಲ ಐದನೇ ಕ್ಲಾಸಿನವರಿಂದ ಹನಿವಾ ಮಾಡಿಸಲು ಹೊರಟೆ. ಸುಮಾರು 3ರಿಂದ 6ನೇ ಶತಮಾನದವರೆಗೆ ಇಲ್ಲಿನ ದೊಡ್ಡ ಮನುಷ್ಯರ ಸಮಾಧಿ ದಿಬ್ಬಗಳ ಮೇಲೆ ಸಾಲಾಗಿ ನಿಲ್ಲಿಸುತ್ತಿದ್ದ ಸುಟ್ಟ ಮಣ್ಣಿನ ಗೊಂಬೆಗಳಿವು. ಒಳಗೆ ಟೊಳ್ಳು, ಕಣ್ಣು ಬಾಯಿ ಬರೀ ತೂತು. ಇದಕ್ಕಿಂತ ಸುಲಭದ್ದು ಬೇಕಾ?

ತೂತಿನ ಕೆಲಸವನ್ನು ಮಕ್ಕಳು ಭಾರಿ ಶ್ರದ್ಧೆಯಿಂದ ಮಾಡಿದರು. ಎಷ್ಟೋ ಪೆನ್ಸಿಲ್‌ಗಳು ಕಣ್ಣಲ್ಲಿ ಹೊಕ್ಕು ಬೆನ್ನಲ್ಲಿ ಹೊರಬಂದವು. ತೊಂದರೆ ಟೊಳ್ಳಿನದ್ದು. ಮಣ್ಣನ್ನು ಹಗ್ಗದಂತೆ ಹೊಸೆದು, ಸುತ್ತಿನ ಮೇಲೆ ಸುತ್ತು ಏರಿಸಬೇಕು. ‘ಸುಮ್ನೆ ಮುದ್ದೆ ಕಟ್ಟಿಟ್ಟರೆ ಒಳಗೆ ಆರುವುದಿಲ್ಲ, ಸುಡುವಾಗ ನೀರು ಆವಿಯಾಗಿ ಗೊಂಬೆ ಸಿಡಿಯುತ್ತದೆ’ ಅಂದೆ. ‘ಸಿಡಿಯುತ್ತದೆ’ ಅಂತ ಕಿವಿಗೆ ಬಿದ್ದಿದ್ದೇ ತಡ, ಹಿಂದಿನ ಬೆಂಚಿನವರೆಲ್ಲ ಬೇಕಂತಲೇ ಮುದ್ದೆ ಕಟ್ಟಲು ಕೂತರು.

ಗಮನ ಬೇರೆ ಕಡೆ ತಿರುಗಿಸೋಣ ಅಂತ ಸೈತಾಮಾದಲ್ಲಿ ಸಿಕ್ಕ ಜೋಡಿ ಹನಿವಾಗಳ ಫೋಟೋ ತೋರಿಸಿದೆ. ಒಂದು ಕೈ ಮೇಲೆ, ಒಂದು ಕೈ ಕೆಳಗೆ, ಬಾಯಿ ದುಂಡಗೆ. ಕುಣಿಯುವವರು ಅಂತಲೇ ಹೆಸರುವಾಸಿ. ಅಲ್ಲ, ಅವರು ಕುದುರೆಯ ಹಗ್ಗ ಹಿಡಿದವರು ಅನ್ನುವ ವಾದವೂ ಉಂಟು. ಅದನ್ನೂ ಹೇಳಿದೆ. ಸರಿ, ಇಡೀ ಕ್ಲಾಸಿಗೆ ಕುದುರೆಯೇ ಬೇಕಾಯಿತು! ಮನುಷ್ಯನಿಗಾದರೆ ಕಾಲಿನ ಬದಲು ಕೊಳವೆ ಇಟ್ಟು ನಿಲ್ಲಿಸಬಹುದು, ಕುದುರೆಗೆ ನಾಲ್ಕು ಕಾಲು, ಅದೂ ನೀರು ಸುರಿದು ಸುರಿದು ಮೆತ್ತಗಾದ ಮಣ್ಣಿನಲ್ಲಿ. ಬೆಲ್ ಹೊಡೆಯುವಷ್ಟರಲ್ಲಿ ಎಲ್ಲ ಕುದುರೆಗಳೂ ಹೊಟ್ಟೆ ಮೇಲೆ ಮಲಗಿದ್ದವು.

ಪ್ರದರ್ಶನದ ದಿನ ಒಬ್ಬ ಹುಡುಗಿಯ ಅಪ್ಪ ಮಗಳ ಗೊಂಬೆಯನ್ನು ತಿರುಗಿಸಿ ತಿರುಗಿಸಿ ನೋಡಿ, ‘ಮೇಡಂ, ಇದರ ಇನ್ನೊಂದು ಕಾಲು?’ ಅಂದರು.

ನಾನೇನು ಬಿಡುವವಳಾ? ಅಓಮೊರಿಯ ಕಮೆಗಓಕದಲ್ಲಿ ಸಿಕ್ಕ ದೊಗೂ ಅನ್ನುವ ಮಣ್ಣಿನ ಗೊಂಬೆಯ ಕಥೆ ಶುರುಮಾಡಿದೆ. ಜೋಮೋನ್ ಕಾಲದ್ದು, ಹನಿವಾಕ್ಕಿಂತ ಎಷ್ಟೋ ಹಳೆಯದು, ದಪ್ಪ ಕನ್ನಡಕ ಹಾಕಿದಂಥ ಕಣ್ಣು, ಈಗ ಉಯೆನೋದ ನ್ಯಾಷನಲ್ ಮ್ಯೂಸಿಯಂ ಪಾಲು. ಅಷ್ಟು ಹೆಸರಾದ ಗೊಂಬೆಗೂ ಎಡಗಾಲಿಲ್ಲ ಸರ್, ದೊಗೂಗಳು ಬಹಳಷ್ಟು ಮುರಿದೇ ಸಿಕ್ಕಿವೆ, ಬೇಕಂತಲೇ ಮುರಿಯುತ್ತಿದ್ದರು ಅನ್ನುವವರೂ ಇದ್ದಾರೆ, ಅಂದೆ.

ಅವರು ತಾಳ್ಮೆಯಿಂದ ಕೇಳಿಸಿಕೊಂಡರು.

‘ಅದನ್ನೂ ನಿಮ್ಮ ಕ್ಲಾಸಲ್ಲೇ ಮಾಡಿದ್ದಾ ಮೇಡಂ?’