ಬ್ಯಾರೆಲ್ ಬಿದ್ದರೂ ಬಂಕಿನ ದರ ಯಾಕೆ ಬೀಳಲ್ಲ?

ಕಚ್ಚಾ ತೈಲ ಅಗ್ಗವಾದ ಸುದ್ದಿ ಬಂದಾಗಲೆಲ್ಲ ಕೋಲಾರ, ಚಿಂತಾಮಣಿ ಕಡೆಯವರು ಕೇಳುವುದು ಒಂದೇ ಮಾತು: "ಅಲ್ಲಿ ಇಳೀತಂತೆ, ನಮಗ್ಯಾವಾಗ?" ಟೆಕ್ಸಾಸಿನಲ್ಲಿ ಕೂತು ಇದಕ್ಕೆ ಲೆಕ್ಕ ಹೇಳುವುದು ಸುಲಭ, ಸಮಾಧಾನ ಹೇಳುವುದು ಕಷ್ಟ. ಇಲ್ಲಿನ ಬಂಕಿನ ದರ ಕಚ್ಚಾ ತೈಲದ ಬೆನ್ನು ಹತ್ತಿ ಹೋಗುತ್ತದೆ, ಕುಂಟುತ್ತಾದರೂ ಸರಿ. ಅಲ್ಲಿನ ದರ ಸರ್ಕಾರದ ಮುಖ ನೋಡುತ್ತದೆ.

ಮೊದಲು ಲೆಕ್ಕ. ಒಂದು ಬ್ಯಾರೆಲ್ ಎಂದರೆ 42 ಅಮೆರಿಕನ್ ಗ್ಯಾಲನ್, ಸುಮಾರು 159 ಲೀಟರ್. ಬ್ಯಾರೆಲ್‌ಗೆ 10 ಡಾಲರ್ ಇಳಿದರೆ ಟೆಕ್ಸಾಸಿನಲ್ಲಿ ಗ್ಯಾಲನ್‌ಗೆ 24 ಸೆಂಟ್ ಇಳಿಯಬೇಕು. ಡಾಲರಿಗೆ 85 ರೂಪಾಯಿ ಹಿಡಿದರೆ ಕೋಲಾರದಲ್ಲಿ ಲೀಟರಿಗೆ 5 ರೂ. 35 ಪೈಸೆ. ಜೊತೆಗೆ ರಾಜ್ಯದ ಶೇಕಡಾವಾರು ತೆರಿಗೆಯೂ ಕರಗುವುದರಿಂದ ಗ್ರಾಹಕನ ಕೈಯಲ್ಲಿ ಹತ್ತಿರ ಹತ್ತಿರ 7 ರೂಪಾಯಿ ಉಳಿಯಬೇಕು. ಉಳಿಯುತ್ತದೆಯೇ? ಅದಕ್ಕೆ ಆಮೇಲೆ ಬರೋಣ.

ಟೆಕ್ಸಾಸಿನಲ್ಲಿ ತೆರಿಗೆ ಅಲ್ಲಾಡುವುದಿಲ್ಲ. ಕೇಂದ್ರದ್ದು ಗ್ಯಾಲನ್‌ಗೆ 18.4 ಸೆಂಟ್, 1993ರಿಂದ ಅಷ್ಟೇ. ರಾಜ್ಯದ್ದು 20 ಸೆಂಟ್, ಅದು 1991ರಿಂದ. ಗ್ಯಾಲನ್‌ಗೆ 3 ಡಾಲರ್ ದರವಿದ್ದಾಗ ಎರಡೂ ಸೇರಿ ಶೇಕಡಾ 13ನ್ನೂ ಮುಟ್ಟುವುದಿಲ್ಲ. ಉಳಿದದ್ದೆಲ್ಲ ಕಚ್ಚಾ ತೈಲ, ಸಂಸ್ಕರಣೆ, ಸಾಗಣೆ ಮತ್ತು ಬಂಕಿನವನ ಲಾಭ. ಹಾಗಾಗಿ ಮಾರುಕಟ್ಟೆಯಲ್ಲಿ ಏನಾದರೂ ಬೋರ್ಡಿನ ಮೇಲೆ ಕಾಣುತ್ತದೆ. 2022ರ ಜೂನ್‌ನಲ್ಲಿ ಅಮೆರಿಕದ ಸರಾಸರಿ ದರ 5 ಡಾಲರ್ ದಾಟಿತ್ತು. ಅದೇ ವರ್ಷದ ಡಿಸೆಂಬರ್ ಹೊತ್ತಿಗೆ 3 ಡಾಲರ್ ಚಿಲ್ಲರೆಗೆ ಬಂದು ನಿಂತಿತು.

ಕಚ್ಚಾ ತೈಲ ಇದ್ದಲ್ಲೇ ಇದ್ದರೂ ಇಲ್ಲಿ ಸೆಪ್ಟೆಂಬರ್ ನಂತರ ದರ ಸಾಮಾನ್ಯವಾಗಿ ಇಳಿಯುತ್ತದೆ. ಬೇಸಿಗೆ ರಜೆ ಮುಗಿದು ಜನರ ಓಡಾಟ ಕಡಿಮೆಯಾಗುವುದು ಒಂದು ಕಾರಣ. ಇನ್ನೊಂದು, ಪೆಟ್ರೋಲಿನ ಮಿಶ್ರಣವೇ ಬದಲಾಗುವುದು. ಬಿಸಿಲಲ್ಲಿ ಹೆಚ್ಚು ಆವಿಯಾಗಿ ಗಾಳಿ ಕೆಡಬಾರದೆಂದು ಬೇಸಿಗೆಯ ಪೆಟ್ರೋಲಿಗೆ ಆವಿ ಒತ್ತಡದ ಮಿತಿಯಿದೆ. ಸೆಪ್ಟೆಂಬರ್ 15ಕ್ಕೆ ಆ ಮಿತಿ ತೆರವಾಗುತ್ತದೆ. ಆಗ ಸಂಸ್ಕರಣಾಗಾರಗಳು ಬೇಗ ಆವಿಯಾಗುವ, ಅಗ್ಗದ ಬ್ಯೂಟೇನ್ ಅನ್ನು ಹೆಚ್ಚು ಬೆರೆಸುತ್ತವೆ. ಅದೇ ಕಚ್ಚಾ ತೈಲದಿಂದ ಪೆಟ್ರೋಲ್ ಹೆಚ್ಚು, ಖರ್ಚು ಕಡಿಮೆ. ಈ ಲೆಕ್ಕವನ್ನು ಚಂಡಮಾರುತ ಕೆಡಿಸುವುದುಂಟು. 2017ರಲ್ಲಿ ಹಾರ್ವೆ ಬಂದು ಟೆಕ್ಸಾಸ್ ಕರಾವಳಿಯ ಸಂಸ್ಕರಣಾಗಾರಗಳು ನಿಂತಾಗ, ಕಚ್ಚಾ ತೈಲ ಕೊಳ್ಳುವವರಿಲ್ಲದೆ ಬಿದ್ದಿದ್ದರೂ ಪೆಟ್ರೋಲ್ ಏರಿತು.

ಇಲ್ಲಿನವರೇನೂ ಧರ್ಮಾತ್ಮರಲ್ಲ. ಏರುವಾಗ ರಾತ್ರೋರಾತ್ರಿ ಏರಿಸಿ, ಇಳಿಸುವಾಗ ವಾರಗಟ್ಟಲೆ ಎಳೆಯುತ್ತಾರೆ. ಮೊನ್ನೆ ದುಬಾರಿಗೆ ತುಂಬಿಸಿಕೊಂಡ ಎಂಟು ಸಾವಿರ ಗ್ಯಾಲನ್ ನೆಲದಡಿಯ ಟ್ಯಾಂಕಿನಲ್ಲಿದೆ, ಅದು ಖಾಲಿಯಾಗುವವರೆಗೆ ದರ ಬಿಡಲು ಯಾರಿಗೂ ಮನಸ್ಸಿಲ್ಲ. ಎದುರಿನ ಬಂಕಿಗೆ ಇವತ್ತು ಹೊಸ ದರದ ಲೋಡು ಬಂದರೆ ಅವನು ಮೂರು ಸೆಂಟ್ ಇಳಿಸುತ್ತಾನೆ, ಇವನು ಹಲ್ಲು ಕಚ್ಚಿಕೊಂಡು ಹಿಂಬಾಲಿಸುತ್ತಾನೆ. ಇಳಿಕೆ ನಡೆಯುವುದೇ ಹೀಗೆ. ದರ ಬೀಳುತ್ತಿರುವ ವಾರದಲ್ಲಿ ಟ್ಯಾಂಕ್ ಫುಲ್ ಮಾಡಿಸದೆ ಅರ್ಧ ಹಾಕಿಸುವುದು ಇಲ್ಲಿ ಜಾಣತನ.

ಈಗ ನಮ್ಮೂರಿಗೆ ಬರೋಣ. ಕೋಲಾರ, ಚಿಕ್ಕಬಳ್ಳಾಪುರದ ಬಂಕುಗಳಿಗೆ ಟ್ಯಾಂಕರ್ ಬರುವುದು ಹೊಸಕೋಟೆ ಬಳಿಯ ದೇವನಗೊಂದಿಯ ತೈಲ ಡಿಪೋಗಳಿಂದ. ಮಂಗಳೂರಿನಿಂದ ಹಾಸನದ ಮೇಲೆ ಹಾದು ಬರುವ ಕೊಳವೆಮಾರ್ಗ ಮುಗಿಯುವುದೂ ಅಲ್ಲೇ. ದೂರಕ್ಕೆ ತಕ್ಕಂತೆ ಊರಿಂದೂರಿಗೆ ಪೈಸೆ ಲೆಕ್ಕದ ವ್ಯತ್ಯಾಸ, ಅಷ್ಟೇ. ಸರ್ಕಾರಿ ಕಂಪನಿಗಳ ನಡುವೆ ದರದ ಪೈಪೋಟಿ ಎಂಬುದೇ ಇಲ್ಲ. ಎದುರಿನ ಬಂಕಿಗೆ ಹೋದರೂ ಅದೇ ದರ.

ಆ ದರದೊಳಗೇನಿದೆ? 2024ರ ಜೂನ್‌ನಲ್ಲಿ ಬೆಂಗಳೂರಿನ ದರ 102 ರೂ. 84 ಪೈಸೆ. ಅದರಲ್ಲಿ ಪೆಟ್ರೋಲಿನ ಬೆಲೆ ಸುಮಾರು 55 ರೂಪಾಯಿ, ಕೇಂದ್ರದ ಅಬಕಾರಿ ಸುಂಕ 19 ರೂ. 90 ಪೈಸೆ, ಬಂಕಿನವರ ಕಮಿಷನ್ 4 ರೂಪಾಯಿಯ ಆಸುಪಾಸು, ರಾಜ್ಯದ ಮಾರಾಟ ತೆರಿಗೆ ಶೇಕಡಾ 29.84, ಅಂದರೆ 23 ರೂಪಾಯಿ ಚಿಲ್ಲರೆ. ತೆರಿಗೆಯ ಮೇಲೂ ತೆರಿಗೆ ಬೀಳುವ ಏರ್ಪಾಡು ಇದು. ಇಳಿಸಿದಾಗ ಅದೇ ಅನುಕೂಲಕ್ಕೂ ಬರುತ್ತದೆ: 2022ರ ಮೇನಲ್ಲಿ ಕೇಂದ್ರ 8 ರೂಪಾಯಿ ಸುಂಕ ಇಳಿಸಿದಾಗ ಬೆಂಗಳೂರಿನ ದರ 111.09ರಿಂದ 101.94ಕ್ಕೆ ಬಂತು, 9 ರೂ. 15 ಪೈಸೆ ಕಡಿಮೆ.

ಆ 55 ರೂಪಾಯಿಯೂ ನೇರವಾಗಿ ಕಚ್ಚಾ ತೈಲದ ಬೆಲೆಯಲ್ಲ. ಹೊರಗಿನ ಮಾರುಕಟ್ಟೆಯಲ್ಲಿ ಸಿದ್ಧ ಪೆಟ್ರೋಲ್ ಯಾವ ಬೆಲೆಗೆ ಬಿಕರಿಯಾಗುತ್ತದೋ ಅದನ್ನೇ ಅಳತೆಗೋಲು ಮಾಡಿಕೊಂಡದ್ದು. 2022ರಿಂದ ರಷ್ಯಾದ ತೈಲ ರಿಯಾಯಿತಿಯಲ್ಲಿ ಬಂದರೂ ಬಂಕಿನಲ್ಲಿ ಕಾಣದಿರಲು ಇದೂ ಒಂದು ಕಾರಣ. ಆ ರಿಯಾಯಿತಿ ಸಂಸ್ಕರಣೆಯ ಲಾಭದಲ್ಲೇ ಕರಗಿತು. ಈಗ ಪೆಟ್ರೋಲಿಗೆ ಬೆರೆಸುವ ಶೇಕಡಾ 20 ಎಥನಾಲ್ ಬೇರೆ. 2025ರ ಜುಲೈ ಕೊನೆಗೆ ಕಂಪನಿಗಳು ಅದಕ್ಕೆ ಕೊಡುತ್ತಿದ್ದ ಸರಾಸರಿ ಬೆಲೆ ಲೀಟರಿಗೆ 71 ರೂಪಾಯಿ ದಾಟಿತ್ತು. ಕಚ್ಚಾ ತೈಲ ಎಷ್ಟೇ ಬೀಳಲಿ, ಆ ಐದನೇ ಒಂದು ಪಾಲು ಬೀಳುವುದಿಲ್ಲ.

ಇಳಿಕೆ ಹೋದದ್ದೆಲ್ಲಿಗೆ ಎಂಬುದಕ್ಕೆ ದಾಖಲೆಯೇ ಇದೆ. 2014ರ ಜೂನ್‌ನಲ್ಲಿ 110 ಡಾಲರ್ ಮೀರಿದ್ದ ಬ್ರೆಂಟ್ (ಜಾಗತಿಕ ದರಕ್ಕೆ ಅಳತೆಗೋಲಾದ ಕಚ್ಚಾ ತೈಲ) 2016ರ ಜನವರಿಯಲ್ಲಿ 30ಕ್ಕಿಂತ ಕೆಳಗಿಳಿಯಿತು. ಬಂಡೆಪದರ ಒಡೆದು ತೆಗೆದ ಅಮೆರಿಕದ ಶೇಲ್ ತೈಲ ಮಾರುಕಟ್ಟೆ ತುಂಬಿತ್ತು, ತೈಲ ರಫ್ತು ದೇಶಗಳ ಕೂಟವಾದ ಒಪೆಕ್ ಉತ್ಪಾದನೆ ಕಡಿತಕ್ಕೆ ಒಪ್ಪಲಿಲ್ಲ. ಇಲ್ಲಿ ಗ್ಯಾಲನ್ 2 ಡಾಲರಿನ ಕೆಳಗೆ ಬಂತು. ನಮ್ಮಲ್ಲಿ ಅದೇ ಅವಧಿಯಲ್ಲಿ ಒಂಬತ್ತು ಸಲ ಸುಂಕ ಏರಿತು, ಪೆಟ್ರೋಲಿಗೆ ಒಟ್ಟು 11 ರೂ. 77 ಪೈಸೆ. 2020ರ ಮೇನಲ್ಲಿ ಒಂದೇ ಏಟಿಗೆ ಪೆಟ್ರೋಲಿಗೆ 10, ಡೀಸೆಲಿಗೆ 13 ರೂಪಾಯಿ. 2025ರ ಏಪ್ರಿಲ್‌ನಲ್ಲಿ ಮತ್ತೆ 2 ರೂಪಾಯಿ. ಆ ಎರಡು ಸಲವೂ ಬಂಕಿನ ದರ ಏರಲಿಲ್ಲ. ಅಂದರೆ ಇಳಿಯಬೇಕಾದದ್ದು ಇಳಿಯಲಿಲ್ಲ. ಏರಿಕೆಯಾದರೆ ಬೀದಿಗಿಳಿಯುವ ಜನ, ತಪ್ಪಿಹೋದ ಇಳಿಕೆಗೆ ಗಲಾಟೆ ಮಾಡುವುದಿಲ್ಲ. ಇದು ದೆಹಲಿಗೂ ಗೊತ್ತು, ಬೆಂಗಳೂರಿಗೂ ಗೊತ್ತು.

ನ್ಯಾಯವಾಗಿ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಟೆಕ್ಸಾಸಿನವರು 2022ರ ಬೇಸಿಗೆಯಲ್ಲಿ ಬಾಯಿ ಬಡಿದುಕೊಳ್ಳುತ್ತಿದ್ದಾಗ ಮುಳಬಾಗಿಲಿನವರಿಗೆ ಆ ಬಿಸಿ ತಟ್ಟಲಿಲ್ಲ. ಆ ವರ್ಷದ ಏಪ್ರಿಲ್‌ನಿಂದ ಕಂಪನಿಗಳು ದರ ಏರಿಸದೆ ನಷ್ಟ ನುಂಗಿದವು. ಆಮೇಲೆ 2023–24ರಲ್ಲಿ ದಾಖಲೆಯ ಲಾಭ ಮಾಡಿ ತುಂಬಿಸಿಕೊಂಡವು. ದಿನಾ ಬೆಳಗ್ಗೆ 6ಕ್ಕೆ ದರ ಬದಲಾಗಬೇಕೆಂಬ 2017ರ ಪದ್ಧತಿ ಹೆಸರಿಗಷ್ಟೇ ಉಳಿಯಿತು.

ಬಂಕಿನ ಮಾಲೀಕನ ಪಾಡು ಯಾರೂ ನೋಡುವುದಿಲ್ಲ. 12 ಕಿಲೋಲೀಟರ್ ಲೋಡನ್ನು ಹಳೇ ಸುಂಕ ಕಟ್ಟಿ ಇಳಿಸಿಕೊಂಡ ದಿನವೇ 9 ರೂ. 15 ಪೈಸೆ ಇಳಿಕೆ ಘೋಷಣೆಯಾದರೆ 1,09,800 ರೂಪಾಯಿ ಹೋಯಿತು. ಆ ಲೋಡಿನ ಇಡೀ ಕಮಿಷನ್ 48 ಸಾವಿರ ಮುಟ್ಟುವುದೂ ಕಷ್ಟ. ಇಳಿಕೆಯ ಗಾಳಿಸುದ್ದಿ ಹಬ್ಬಿದರೆ ಲೋಡು ತರಿಸಲು ಹಿಂದೆಮುಂದೆ ನೋಡುವುದು, 'ನೋ ಸ್ಟಾಕ್' ಫಲಕ ನೇತಾಡುವುದು ಇದರಿಂದಲೇ.

ಗಡಿ ತಾಲ್ಲೂಕುಗಳಲ್ಲಿ ರಾಜ್ಯದ ತೆರಿಗೆಗೂ ಒಂದು ಕಡಿವಾಣವಿದೆ. ಆಂಧ್ರದಲ್ಲಿ ವ್ಯಾಟ್, ಅಂದರೆ ರಾಜ್ಯದ ಮಾರಾಟ ತೆರಿಗೆ, ಹೆಚ್ಚು. ಬಾಗೇಪಲ್ಲಿ, ಗೌರಿಬಿದನೂರು, ನಂಗಲಿ, ಪಾವಗಡದಲ್ಲಿ ಟ್ಯಾಂಕ್ ತುಂಬಿಸಿಯೇ ಗಡಿ ದಾಟುವುದು ಲಾರಿಯವರ ರೂಢಿ. ಲೀಟರಿಗೆ 6 ರೂಪಾಯಿ ವ್ಯತ್ಯಾಸವಿದ್ದರೂ 300 ಲೀಟರ್ ಟ್ಯಾಂಕಿಗೆ 1,800 ರೂಪಾಯಿ ಉಳಿತಾಯ. ಕರ್ನಾಟಕ ಡೀಸೆಲ್ ತೆರಿಗೆಯನ್ನು 2024ರ ಜೂನ್‌ನಲ್ಲಿ ಶೇಕಡಾ 18.44ಕ್ಕೆ, 2025ರ ಏಪ್ರಿಲ್‌ನಲ್ಲಿ 21.17ಕ್ಕೆ ಏರಿಸಿದಾಗ ಈ ಅಂತರವೇ ಕಿರಿದಾದದ್ದು. ಇನ್ನಷ್ಟು ಏರಿಸಿದರೆ ಈ ಊರುಗಳ ಬಂಕುಗಳು ವ್ಯಾಪಾರವನ್ನೂ ಕಳೆದುಕೊಳ್ಳುತ್ತವೆ, ಖಜಾನೆ ತೆರಿಗೆಯನ್ನೂ.

ನನ್ನ ಕೇಳಿಕೆ ದೊಡ್ಡದೇನಲ್ಲ. ತೆರಿಗೆ ಬೇಡ ಎನ್ನುತ್ತಿಲ್ಲ. ರಸ್ತೆ, ಶಾಲೆಗೆ ದುಡ್ಡು ಬೇಕು. ಆದರೆ ಕಚ್ಚಾ ತೈಲ ಬಿದ್ದಾಗ ಸರ್ಕಾರಕ್ಕೆಷ್ಟು, ಕಂಪನಿಗೆಷ್ಟು, ಗ್ರಾಹಕನಿಗೆಷ್ಟು ಎಂಬ ಪಾಲು ಮೊದಲೇ ನಿಗದಿಯಾಗಿರಲಿ. ಬಂಕಿನ ಫಲಕದಲ್ಲಿ ಆ ದಿನದ ಸಾಂದ್ರತೆ ಬರೆಯುವುದು ಹೇಗೂ ಇದೆ. ಅದರ ಕೆಳಗೆ ತೈಲದ ಬೆಲೆ, ಕೇಂದ್ರದ ಸುಂಕ, ಕಮಿಷನ್, ರಾಜ್ಯದ ತೆರಿಗೆ ಎಂದು ಇನ್ನು ನಾಲ್ಕು ಸಾಲು ಬರೆದರಾಯಿತು.