ಮೂರಂಗುಲದ ಬೋರ್ಡಿಗೆ ಮೂರು ಮೊಳದ ವೈರು

ಮನೆಯಲ್ಲೇ ಸಿಎನ್‌ಸಿ ಮೆಷಿನ್, ಅಂದರೆ ಕಂಪ್ಯೂಟರ್ ಹೇಳಿದ ಹಾಗೆ ಮರ ಕೊರೆಯುವ ಮೆಷಿನ್, ಕಟ್ಟೋದು ಅಂಥ ಕಷ್ಟ ಏನಲ್ಲ. ಅಲ್ಯೂಮಿನಿಯಂ ಪಟ್ಟಿ, ಮೋಟರು, ಸ್ಕ್ರೂ, ಬೇರಿಂಗು ಎಲ್ಲ ಸೇರಿಸಿ ಬೋಲ್ಟು ಬಿಗಿದರೆ ಒಂದಲ್ಲ ಒಂದು ದಿನ ಅದು ಎದ್ದು ನಿಲ್ಲುತ್ತದೆ. ಆದರೆ "ಇದಕ್ಕೆ ಯಾವ ಕಂಪ್ಯೂಟರ್ ಹಾಕೋದು?" ಅಂತ ನಾಲ್ಕು ಜನರ ಮುಂದೆ ಕೇಳಿದಿರೋ, ಮುಗೀತು. ಮೆಷಿನ್ ಇರುವವರಿಗೆಲ್ಲ ಒಂದೊಂದು ಅಭಿಪ್ರಾಯ ಇರುತ್ತದೆ. ಮೆಷಿನ್ ಇಲ್ಲದವರಿಗೆ ಎರಡೆರಡು.

ನನ್ನ ಗೆಳೆಯ ಎರಡನೇ ಪಂಗಡದವನು. "ರಾಸ್ಪ್‌ಬೆರಿ ಪೈ 4 ಹಾಕು ಗುರೂ, ಅಂಗೈಯಲ್ಲಿ ಕೂರುತ್ತೆ, ಜಾಗಾನೇ ಬೇಡ" ಅಂದವನು ಒಂದೇ ಬೋರ್ಡಿನ ಆ ಪುಟ್ಟ ಕಂಪ್ಯೂಟರನ್ನು, ತನ್ನದನ್ನೇ, ತಂದುಕೊಟ್ಟ, ಜೊತೆಗೆ ತನ್ನ ಹಳೇ ಮೊಬೈಲ್ ಚಾರ್ಜರನ್ನೂ. ಬೋರ್ಡು ಅಂಗೈಯಲ್ಲಿ ಕೂತಿದ್ದು ನಿಜ. ಆಮೇಲೆ ಅದಕ್ಕೆ ಫ್ಯಾನು ಬೇಕಾಯಿತು. ಮೆಮೊರಿ ಕಾರ್ಡು, ಕೀಬೋರ್ಡು, ಮೌಸು ಬಂದವು. ಮಾನಿಟರಿಗೆ ಮೈಕ್ರೋ ಎಚ್‌ಡಿಎಂಐ ಕೇಬಲ್ ಬೇಕು. ಮನೆಯಲ್ಲಿ ಒಂದು ಡಬ್ಬಿ ತುಂಬ ಕೇಬಲ್ ಇದ್ದರೂ ಅದರಲ್ಲಿ ಎಂದೂ ಇರದ ಜಾತಿ ಅದು. ಪೈನ ಪಿನ್ನುಗಳು ಕೊಡೋದು 3.3 ವೋಲ್ಟ್, ಮೋಟರನ್ನು ನಡೆಸುವ ನನ್ನ ಡ್ರೈವರ್ ಕೇಳೋದು 5, ಹಾಗಾಗಿ ನಡುವೆ ಇನ್ನೊಂದು ಪುಟ್ಟ ಬೋರ್ಡು. ಜಾಗ ಬೇಡದ ಕಂಪ್ಯೂಟರು ನೋಡ್ತಾ ನೋಡ್ತಾ ಇಡೀ ಮೇಜನ್ನೇ ನುಂಗಿತು. "ಇಷ್ಟೆಲ್ಲಾ ಇರೋದಾದ್ರೆ ಆ ಪುಟ್ಟದು ಯಾಕ್ರೀ ಬೇಕಿತ್ತು?" ಅಂತ ಹೆಂಡತಿ ಕೇಳಿದಳು. ನಾನು ಗೆಳೆಯನ ನಂಬರ್ ಕೊಟ್ಟೆ.

ಅಷ್ಟರಲ್ಲಿ ಮಾವನವರ ಹೊಸ ಮನೆಗೆ ತೇಗದ ಹಲಗೆಯಲ್ಲಿ "ಶ್ರೀ ಲಕ್ಷ್ಮೀ ನಿಲಯ" ಅಂತ ಕೊರೆದುಕೊಡಬೇಕಾಗಿ ಬಂತು. ಮೆಷಿನ್ ಮೊದಲು ದೊಡ್ಡ ಅಕ್ಷರಗಳನ್ನೆಲ್ಲ ಚೆನ್ನಾಗಿಯೇ ಕೊರೆಯಿತು. ಒತ್ತಕ್ಷರ ಬೇರೆ ತುಂಡಲ್ವಾ, ಅವು ಕೊನೆಗೆ. ಕೊರೆಯುವ ತಲೆ ಮೇಲೆದ್ದು ಜೋರಾಗಿ ವಾಪಸ್ ಓಡುವಾಗ ಮೋಟರು ಒಂದು ಸಲ "ಗುಯ್" ಅಂದಿತು, ನಿಂತಿತು, ಮತ್ತೆ ಹೊರಟಿತು. ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತೊಂದು ಬಂದು ಹೋಗುತ್ತಿತ್ತು. ಮಾವ ಕನ್ನಡಕ ಏರಿಸಿ ಹಲಗೆಯನ್ನು ಬೆಳಕಿಗೆ ಹಿಡಿದು ನಿಧಾನಕ್ಕೆ ಓದಿದರು: "ಶ್ರೀ ಲಕ್ಷೀ ನ್ಮಿಲಯ. ಇದು ಹೊಸ ಥರದ ಹೆಸರಾ ಅಳಿಯಂದ್ರೇ?"

ಲಕ್ಷ್ಮಿಯ 'ಮ' ಒತ್ತು ಪಕ್ಕದ 'ನಿ' ಕೆಳಗೆ ಹೋಗಿ ಕೂತಿತ್ತು.

ಆಗಿದ್ದು ಇಷ್ಟು. ಈ ಮೆಷಿನ್‌ನ ಸ್ಟೆಪ್ಪರ್ ಮೋಟರಿಗೆ ಒಂದು ಪಲ್ಸ್, ಅಂದರೆ ಕರೆಂಟಿನ ಒಂದು ಪುಟ್ಟ ಮಿಡಿತ, ಕೊಟ್ಟರೆ ಒಂದು ಸಣ್ಣ ಹೆಜ್ಜೆ ಇಡುತ್ತದೆ. ಒಂದು ಸುತ್ತಿಗೆ 200 ಹೆಜ್ಜೆ, ಡ್ರೈವರಿನಲ್ಲಿ ಅದನ್ನು 16 ಪಾಲು ಮಾಡಿದರೆ 3,200. ಸ್ಕ್ರೂ ಸುತ್ತಿಗೆ 8 ಮಿ.ಮೀ. ಮುಂದೆ ಹೋದರೆ ಒಂದು ಮಿಲಿಮೀಟರಿಗೆ 400 ಪಲ್ಸ್. ನಿಮಿಷಕ್ಕೆ 1,000 ಮಿ.ಮೀ. ಓಡಿಸಿದರೆ ಸೆಕೆಂಡಿಗೆ ಸುಮಾರು 6,700. ಈಗಿನ ಯಾವ ಕಂಪ್ಯೂಟರಿಗೂ ಇದು ಲೆಕ್ಕಕ್ಕೇ ಇಲ್ಲ. ಆದರೆ ವಾಲಗದಲ್ಲಿ ಡೋಲಿನವನು ಎಷ್ಟು ಜೋರಾಗಿ ಬಾರಿಸಿದ ಅನ್ನೋದಕ್ಕಿಂತ ತಾಳ ತಪ್ಪದೆ ಬಾರಿಸಿದನಾ ಅನ್ನೋದು ಮುಖ್ಯ. ಪೈ 4 ಕೇಳೋದು 5 ವೋಲ್ಟ್, 3 ಆಂಪಿಯರ್. ಗೆಳೆಯನ ಹಳೇ ಚಾರ್ಜರಿಗೆ ಅಷ್ಟು ತಾಕತ್ತಿರಲಿಲ್ಲ. ವೋಲ್ಟೇಜ್ ಇಳಿದರೆ ಅದು ಆ ಮಿಂಚು ತೋರಿಸಿ ತನ್ನ ವೇಗ ತಾನೇ ತಗ್ಗಿಸಿಕೊಳ್ಳುತ್ತದೆ. ಪಲ್ಸ್ ಎಡವುತ್ತವೆ, ಮೋಟರು ನಿಲ್ಲುತ್ತದೆ, ಕಂಪ್ಯೂಟರಿಗೆ ಮಾತ್ರ ಅದು ಗೊತ್ತೇ ಆಗೋಲ್ಲ. ಮೋಟರ್ ಎಲ್ಲಿದೆ ಅಂತ ವಾಪಸ್ ಹೇಳುವ ವ್ಯವಸ್ಥೆ ಅಲ್ಲಿಲ್ಲ.

ಅದಕ್ಕೇ ಆರ್ಡುಯಿನೋ ಊನೋ ಅನ್ನೋ ಪುಟ್ಟ ಕಂಟ್ರೋಲರ್ ಬೋರ್ಡು ನನಗೆ ಇಷ್ಟ. 16 ಮೆಗಾಹರ್ಟ್ಜ್‌ನ ದಡ್ಡ ಚಿಪ್ಪು. ಪರದೆ ಇಲ್ಲ, ಇಂಟರ್ನೆಟ್ ಇಲ್ಲ, ಅಪ್‌ಡೇಟ್ ಬಂತು ಅನ್ನೋ ತಲೆಹರಟೆ ಇಲ್ಲ. ಅದರ ಮೇಲೆ ಜಿಆರ್‌ಬಿಎಲ್ ಅನ್ನೋ ಸಿಎನ್‌ಸಿ ತಂತ್ರಾಂಶ ಹಾಕಿದರೆ ಸೆಕೆಂಡಿಗೆ 30,000ದವರೆಗೆ ಪಲ್ಸ್ ಕೊಡುತ್ತದೆ. ಸಣ್ಣ ಮೆಷಿನ್‌ಗೆ ಧಾರಾಳವಾಯಿತು. ತಾಳ ಅದರ ಜವಾಬ್ದಾರಿ, ಹಾಗಾಗಿ ಯುಎಸ್‌ಬಿಯ ಈಚೆ ತುದಿಗೆ ಯಾವ ಕಂಪ್ಯೂಟರ್ ಇದ್ದರೂ ನಡೆಯುತ್ತದೆ. ಅಲ್ಲೂ ಒಂದು ಕಾಟ ಇತ್ತು. ಮರದ ಪುಡಿ ಎಳೆಯಲು ವ್ಯಾಕ್ಯೂಮ್ ಕ್ಲೀನರ್ ಹಾಕಿದ ಸ್ವಲ್ಪ ಹೊತ್ತಿಗೆ ಯುಎಸ್‌ಬಿ ಕೈಕೊಡುತ್ತಿತ್ತು. ಪ್ಲಾಸ್ಟಿಕ್ ಪೈಪಿನಲ್ಲಿ ಪುಡಿ ಉಜ್ಜಿಕೊಂಡು ಹೋಗುವಾಗ ಸ್ಟ್ಯಾಟಿಕ್ ಕರೆಂಟ್ ಹುಟ್ಟುತ್ತದೆ, ಅದರ ಕಿಡಿಗೆ ಸಂಪರ್ಕ ಹೋಗುತ್ತದೆ. ಪೈಪಿಗೆ ತಾಮ್ರದ ತಂತಿ ಸುತ್ತಿ ಅರ್ಥಿಂಗ್ ಕೊಟ್ಟು, ಶೀಲ್ಡ್ ಇರುವ ಗಿಡ್ಡ ಕೇಬಲ್ ಹಾಕಿದ ಮೇಲೆ ಸುಮ್ಮನಾಯಿತು.

ಆಮೇಲೆ ಇನ್ನೊಂದು ದೊಡ್ಡ ಮೆಷಿನ್ ಕಟ್ಟೋ ಹುಚ್ಚು ಹಿಡಿಯಿತು. ಸುತ್ತಿಗೆ 5 ಮಿ.ಮೀ. ಹೋಗುವ ಬಾಲ್ ಸ್ಕ್ರೂ, ನಿಮಿಷಕ್ಕೆ 3,000 ಮಿ.ಮೀ., ಅಂದರೆ ಸೆಕೆಂಡಿಗೆ 32,000 ಪಲ್ಸ್. ಊನೋ ಕೈ ಎತ್ತಿತು. 16 ಪಾಲನ್ನು 8 ಮಾಡಿಕೊಂಡಿದ್ದರೆ ಸಾಕಿತ್ತು, ಆದರೆ ಆಗ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿಗೆ ಹೋಗಲು ನೆಪ ಸಿಗುತ್ತಿರಲಿಲ್ಲ. ಈ ಸಲ ಪಲ್ಸ್ ಕೊಡೋದು ಪಿಸಿಯೇ, ಹಾಗಾಗಿ ಅವನ್ನು ಹೊರಗೆ ಕಳಿಸಲು ಪ್ರಿಂಟರಿನ 25 ಪಿನ್ ಪ್ಯಾರಲಲ್ ಪೋರ್ಟ್ ಇರುವ ಹಳೇ ಆಫೀಸ್ ಪಿಸಿ ಬೇಕು ಅಂದೆ. ಅಂಗಡಿಯವರು ಅನುಮಾನದಿಂದ ನೋಡಿದರು. "ಸಾರ್, ಲೇಟೆಸ್ಟ್ ಐಟಂ ಇದೆ, ಇದ್ಯಾಕ್ ಸಾರ್?" ನಾನು ಪೆನ್‌ಡ್ರೈವ್ ಚುಚ್ಚಿ ಲಿನಕ್ಸ್‌ಸಿಎನ್‌ಸಿ ಅನ್ನೋ ಮೆಷಿನ್ ನಡೆಸುವ ತಂತ್ರಾಂಶ ಏರಿಸಿ, ಕಂಪ್ಯೂಟರ್ ಎಷ್ಟು ತಡ ಮಾಡುತ್ತದೆ ಅಂತ ಅಳೆಯುವ ಲೇಟೆನ್ಸಿ ಟೆಸ್ಟ್ ಶುರು ಮಾಡಿದೆ. ಈ ಪರೀಕ್ಷೆಯ ವಿಧಾನವೇ ಮಜಾ. ಕಂಪ್ಯೂಟರಿಗೆ ಆದಷ್ಟು ಕಾಟ ಕೊಡಬೇಕು: ವಿಡಿಯೋ ಹಾಕಬೇಕು, ಕಿಟಕಿಗಳನ್ನು ಎಳೆದಾಡಬೇಕು, ದೊಡ್ಡ ಫೈಲ್ ಕಾಪಿ ಮಾಡಬೇಕು, ಆಗ ಅದರ ತಾಳ ಎಷ್ಟು ತಪ್ಪುತ್ತದೆ ಅಂತ ನೋಡಬೇಕು. ಅಂಗಡಿಯ ಹುಡುಗನಿಗೆ ಈ ಕೆಲಸ ವಹಿಸಿದೆ. ಅಷ್ಟು ಮನಸ್ಸಿಟ್ಟು ಕೆಲಸ ಮಾಡುವ ಹುಡುಗನನ್ನು ನಾನು ಎಲ್ಲೂ ಕಂಡಿಲ್ಲ.

ತಾಳ ತಪ್ಪೋದು 20,000 ನ್ಯಾನೋಸೆಕೆಂಡ್ ಒಳಗಿದ್ದರೆ ಬಹಳ ಒಳ್ಳೇದು, 1,00,000 ದಾಟಿದರೆ ಈ ಕೆಲಸಕ್ಕೆ ಬೇಡ. ಥಳಥಳ ಹೊಳೆಯುವ ಒಂದು ಲ್ಯಾಪ್‌ಟಾಪ್ ಲಕ್ಷಗಳಲ್ಲೇ ಮಾತಾಡಿತು. ಕರೆಂಟ್ ಉಳಿಸುವ ಚಾಳಿ ಅದರದ್ದು, ಆಗಾಗ ತೂಕಡಿಸುತ್ತದೆ. ಮೂಲೆಯಲ್ಲಿದ್ದ, ಯಾರೋ ಸ್ಟೂಲ್ ಥರ ಬಳಸುತ್ತಿದ್ದ ಕಪ್ಪು ಡಬ್ಬ 10,000ದ ಒಳಗೇ ನಿಂತಿತು. "ಅದೇ ಕೊಡಿ" ಅಂದೆ. ಅಂಗಡಿಯವರು ಮೊದಲು ಅದರ ಮೇಲೆ ಕೂತಿದ್ದವರನ್ನು ಎಬ್ಬಿಸಬೇಕಾಯಿತು.

ಪೈ ಈಗ ಅತ್ತೆಯ ಟೀವಿ ಹಿಂದೆ ಇದೆ, ಸರಿಯಾದ ಅಡಾಪ್ಟರ್ ಸಮೇತ. ಅದರಲ್ಲಿ ಧಾರಾವಾಹಿ ನೋಡ್ತಾರೆ. ನಡುವೆ ಒಂದೆರಡು ಸೆಕೆಂಡ್ ನಿಂತರೂ ಅವರ ತಕರಾರಿಲ್ಲ, ಅಷ್ಟರಲ್ಲಿ ಕಥೆ ಏನೂ ಮುಂದೆ ಹೋಗಿರೋಲ್ಲವಂತೆ.