ಎಲ್ಲಿ, ‘ಆ’ ಅನ್ನು

ಹಲ್ಲಿನ ಕ್ಯಾಪು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ, ಮನೆಯಲ್ಲಿ ಯಾರೂ ಇಲ್ಲದಾಗ, ಬೀದಿ ಕೊನೆಯ ಕ್ಲಿನಿಕ್ಕು ತೆರೆದಿರುವಾಗ ಕಳಚಿದ್ದನ್ನು ಕಂಡವರಿಲ್ಲ. ಅದು ಕಾಯುತ್ತದೆ. ಊರಿಂದ ನೆಂಟರು ಬಂದು, ನಡುಮನೆಯಲ್ಲಿ ಚಾಪೆ ಹಾಸಿ, ಡಬ್ಬಿಯ ಮುಚ್ಚಳ ತೆಗೆದು, ‘ನಿಂಗೆ ಅಂತಲೇ ಕರಿದಿದ್ದು, ಒಂದಾದ್ರೂ ತಿನ್ನು’ ಅನ್ನುವ ಶನಿವಾರ ರಾತ್ರಿಯವರೆಗೂ ಕಾಯುತ್ತದೆ. ಆಮೇಲೆ ಒಂದು ಕೋಡುಬಳೆ, ಒಂದು ‘ಕಟಕ್’, ಬಾಯೊಳಗೆ ಕೋಡುಬಳೆಗಿಂತ ಗಟ್ಟಿಯಾದ ಇನ್ನೊಂದು ಪದಾರ್ಥ.

ಕೋಡುಬಳೆ ಕಲ್ಲಾಗುವುದಕ್ಕೆ ಕಾರಣ ಅತ್ತೆಯ ಆರೋಗ್ಯ ಪ್ರಜ್ಞೆ. 2 ಲೋಟ ಹಿಟ್ಟಿಗೆ ಮೂರು ನಾಲ್ಕು ಚಮಚ ಚುರುಚುರು ಕಾದ ಎಣ್ಣೆ ಬೀಳಬೇಕು. ಹಿಟ್ಟು ಬಿಗಿದುಕೊಳ್ಳದ ಹಾಗೆ ನೋಡಿಕೊಳ್ಳುವುದು ಅದೇ. ‘ಎಲ್ರಿಗೂ ಕೊಲೆಸ್ಟ್ರಾಲು’ ಎಂದು ಅತ್ತೆ ಅದನ್ನು ಒಂದು ಚಮಚಕ್ಕೆ ಇಳಿಸಿರುತ್ತಾರೆ. ಹೃದಯ ಉಳಿಯಿತು, ಹಲ್ಲು ಹೋಯಿತು.

ಆದರೂ ಪೂರ್ತಿ ತಪ್ಪನ್ನು ಅತ್ತೆಯ ತಲೆಗೆ ಕಟ್ಟುವ ಹಾಗಿಲ್ಲ. ಉಜ್ಜಿ ಸಣ್ಣಗೆ ಮಾಡಿದ ಹಲ್ಲಿನ ಮೇಲೆ ಕ್ಯಾಪು ಕೂತಿರುವುದು ತೆಳುವಾದ ಒಂದು ಪದರ ಸಿಮೆಂಟಿನ ಬಲದಲ್ಲಿ. ಅಂಚಿನಲ್ಲಿ ಎಂಜಲು ಇಳಿದು ಇಳಿದು ವರ್ಷಗಟ್ಟಲೆ ಅದು ಕರಗಿರುತ್ತದೆ, ಇಲ್ಲವೇ ಅಡಿಯಲ್ಲಿ ಹುಳುಕು ಸದ್ದಿಲ್ಲದೆ ಮನೆ ಮಾಡಿರುತ್ತದೆ. ಹೀಗೆ ಸಡಿಲಾದ ಕ್ಯಾಪಿಗೆ ಕೋಡುಬಳೆಗಿಂತ ಕಡಲೆಮಿಠಾಯಿ ಅಪಾಯ. ಒಂದು ಜಜ್ಜುತ್ತದೆ, ಇನ್ನೊಂದು ಅಂಟಿಕೊಂಡು ಮೇಲಕ್ಕೆಳೆಯುತ್ತದೆ.

ಮೊದಲ ಕೆಲಸ, ನುಂಗದಿರುವುದು. ಬಾಯಲ್ಲಿರುವುದನ್ನೆಲ್ಲ ತಟ್ಟೆಗೆ ಉಗಿಯಿರಿ, ಸಿಂಕಿಗಲ್ಲ. ಬೆಳ್ಳಿ ಬಣ್ಣದ ಲೋಹದ ಕ್ಯಾಪಾದರೆ ಸಿಕ್ಕಿಬಿಡುತ್ತದೆ. ದುಬಾರಿ ಕೊಟ್ಟು ಹಲ್ಲಿನ ಬಣ್ಣದ್ದೇ ಬೇಕು ಅಂತ ಹಾಕಿಸಿಕೊಂಡವರು ಅಗಿದ ಕೋಡುಬಳೆಯ ಚೂರುಗಳನ್ನು ಬೆರಳಲ್ಲಿ ಕೆದಕುತ್ತ ಕೂರಬೇಕು. ಸಿಕ್ಕಿದ ಮೇಲೆ ತೊಳೆದು ಸಣ್ಣ ಡಬ್ಬಿಗೆ ಹಾಕಿ. ಟಿಶ್ಯೂನಲ್ಲಿ ಸುತ್ತಿಟ್ಟರೆ ಬೆಳಿಗ್ಗೆ ಕಸದ ಗಾಡಿಗೆ ಹೋಗುತ್ತದೆ. ಮಕ್ಕಳ ಕೈಗೂ ಕೊಡಬೇಡಿ. ಬಿದ್ದ ಹಲ್ಲನ್ನು ಸಗಣಿಯಲ್ಲಿ ಸುತ್ತಿ ಸೂರಿನ ಮೇಲೆ ಎಸೆದರೆ ಹೊಸದು ಬರುತ್ತದೆ ಎಂದು ಅಜ್ಜಿ ಆಗಲೇ ಹೇಳಿಕೊಟ್ಟಾಗಿರುತ್ತದೆ.

ಇಷ್ಟು ಹೊತ್ತಿಗೆ ಮಾವ ಎದ್ದಿರುತ್ತಾರೆ.

ಪ್ರತಿ ಮನೆತನಕ್ಕೂ ಇಂಥ ಒಬ್ಬ ಮಾವ ಉಂಟು. ಮೂವತ್ತು ವರ್ಷ ಕರೆಂಟಿನ ಕೆಲಸ ಮಾಡಿ ನಿವೃತ್ತರಾದವರು, ಫ್ಯೂಸು ಹೋಗಿರುವ ಜಾಗ ಕಂಡರೆ ಸುಮ್ಮನಿರಲಾರರು. ‘ಎಲ್ಲಿ, ಆ ಅನ್ನು’ ಎಂದು ಮೊಬೈಲಿನ ಟಾರ್ಚು ಹಚ್ಚಿಕೊಂಡು ಬರುತ್ತಾರೆ. ಅವರ ಎಡ ನಿಮ್ಮ ಬಲವಾದ್ದರಿಂದ ಮೊದಲ ಐದು ನಿಮಿಷ ಚೆನ್ನಾಗಿರುವ ಹಲ್ಲನ್ನೇ ಪರೀಕ್ಷಿಸಿ ‘ಸ್ವಲ್ಪ ಅಲ್ಲಾಡ್ತಿದೆ’ ಅನ್ನುತ್ತಾರೆ. ಬಾಯಿ ಪೂರ್ತಿ ತೆರೆಸಿಕೊಂಡ ಮೇಲೆಯೇ ಅವರಿಗೆ ಪ್ರಶ್ನೆಗಳು ಹೊಳೆಯುವುದು. ‘ಯಾವ ಡಾಕ್ಟ್ರು ಹಾಕಿದ್ದು? ಎಷ್ಟು ತಗೊಂಡ್ರು? ಗ್ಯಾರಂಟಿ ಕಾರ್ಡ್ ಕೊಟ್ಟಿಲ್ವಾ?’ ನಿಮ್ಮ ಹತ್ತಿರ ಉಳಿದಿರುವುದು ಸ್ವರಗಳು ಮಾತ್ರ. ‘ಆಂ, ಆಆ, ಅಂಆ’ ಎನ್ನುತ್ತೀರಿ. ಅವರು ಎಲ್ಲ ಅರ್ಥವಾದವರಂತೆ ತಲೆದೂಗಿ ಚಮಚದ ಹಿಡಿಯಿಂದ ಒಮ್ಮೆ ತಟ್ಟುತ್ತಾರೆ. ಆಮೇಲೆ ದರ್ಶನಕ್ಕೆ ಸಾಲು. ಚಿಕ್ಕಮ್ಮ, ಷಡ್ಡಕ, ಪಕ್ಕದ ಮನೆಯಿಂದ ಹೆಪ್ಪಿಗೆ ಮೊಸರು ಕೇಳಲು ಬಂದವರು. ಟಾರ್ಚು ಹಿಡಿಯುವಾಗ ಕ್ಯಾಮೆರಾ ಒತ್ತಿ ಹೋಗಿ ಒಂದು ಫೋಟೊ ಬಂಧು ಬಳಗದ ಗ್ರೂಪಿಗೂ ತಲುಪಿರುತ್ತದೆ. ಮೊದಲ ಉತ್ತರ: ‘ಬಾದಾಮಿಗೆ ಯಾವಾಗ ಹೋಗಿದ್ರಿ?’

ನೋಡಬೇಕಾದದ್ದು ನನ್ನ ಬಾಯನ್ನಲ್ಲ ಮಾವಾ, ಕ್ಯಾಪಿನ ಒಳಗೆ ನೋಡಿ ಎಂದು ಹೇಳಬೇಕೆನಿಸುತ್ತದೆ. ಒಳಗೆ ಬರೀ ಬಿಳಿ ಸಿಮೆಂಟು ಇದ್ದರೆ ಅದೃಷ್ಟ, ಹೆಚ್ಚಿನ ಸಲ ಅದೇ ಕ್ಯಾಪನ್ನು ಮತ್ತೆ ಕೂರಿಸಬಹುದು. ಹಳದಿ ಹಲ್ಲಿನ ತುಂಡೇ ಮುರಿದು ಒಳಗೆ ಕೂತಿದ್ದರೆ ಕೆಲಸ ಉದ್ದ, ಖರ್ಚೂ ಉದ್ದ.

ಮದ್ದು ಹೇಳುವವರ ಸರದಿ ಬೇಗ ಮುಗಿಸೋಣ. ರೂಟ್ ಕೆನಾಲ್ ಆದ ಹಲ್ಲಿಗೆ ಲವಂಗ ಒತ್ತುವುದೆಂದರೆ ಬಾಡಿಗೆದಾರ ಬಿಟ್ಟುಹೋದ ಮನೆಯ ಬಾಗಿಲು ತಟ್ಟಿದ ಹಾಗೆ. ಒಳಗೆ ನರವೇ ಇಲ್ಲ, ಮರಗಟ್ಟುವುದು ಏನು? ನರ ಬದುಕಿರುವ ಹಲ್ಲಾದರೆ ತಣ್ಣೀರು ತಾಕಿದೊಡನೆ ಜುಮ್ಮೆನ್ನುತ್ತದೆ, ಆಗ ಲವಂಗದಲ್ಲಿರುವ ಯೂಜಿನಾಲ್ ಎಂಬ ಅಂಶ ಸ್ವಲ್ಪ ಹೊತ್ತು ಸುಮ್ಮನಾಗಿಸುತ್ತದೆ. ಲವಂಗದ ಎಣ್ಣೆಯನ್ನು ಹಾಗೇ ಸುರಿದರೆ ಒಸಡು ಸುಡುತ್ತದೆ. ಜಜ್ಜಿದ ಬೆಳ್ಳುಳ್ಳಿಯೂ ಸುಡುತ್ತದೆ. ಆಸ್ಪಿರಿನ್ ಮಾತ್ರೆಯನ್ನು ಒಸಡಿಗೆ ಒತ್ತಿಟ್ಟುಕೊಂಡರೆ ಅಲ್ಲಿ ಬಿಳಿ ಹುಣ್ಣು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಿದರೆ ಕೆಟ್ಟದ್ದೇನೂ ಆಗದು, ಹೇಳಿದವರಿಗೂ ಸಮಾಧಾನ.

ಮಾವನ ಜೇಬಿನಿಂದ ಫೆವಿಕ್ವಿಕ್ ಹೊರಬಂದರೆ ಮಾತ್ರ ಮರ್ಯಾದೆ ಬದಿಗಿಟ್ಟು ಕಸಿದುಕೊಳ್ಳಿ. ಅದು ತೇವ ಸಿಕ್ಕಿದೊಡನೆ ಗಟ್ಟಿಯಾಗುವ ವಸ್ತು, ಬಾಯಿಗಿಂತ ತೇವದ ಜಾಗ ಇನ್ನೆಲ್ಲಿ? ಕ್ಯಾಪು ಓರೆಯಾಗಿ ಕೂತು ಅಲ್ಲೇ ಕಚ್ಚಿಕೊಳ್ಳುತ್ತದೆ, ಒಸಡೂ ಸುಡುತ್ತದೆ. ಸೋಮವಾರದವರೆಗೆ ತಡೆಯಲಾಗದಿದ್ದರೆ ಮೆಡಿಕಲ್ ಶಾಪಿನಲ್ಲಿ ತಾತ್ಕಾಲಿಕ ಹಲ್ಲಿನ ಸಿಮೆಂಟೋ ಹಲ್ಲು ಸೆಟ್ಟಿನ ಅಂಟೋ ಸಿಗುತ್ತದೆಯೇ ಕೇಳಿ. ಕ್ಯಾಪನ್ನೂ ಹಲ್ಲನ್ನೂ ಹತ್ತಿಯಲ್ಲಿ ಒರೆಸಿ, ಮೊದಲು ಅಂಟಿಲ್ಲದೆ ಕೂರಿಸಿ ನೋಡಿ. ಅದು ಒಂದೇ ದಿಕ್ಕಿನಲ್ಲಿ ಕೂರುತ್ತದೆ. ಕೂರದಿದ್ದರೆ ಜೋರಾಗಿ ಒತ್ತಬೇಡಿ. ಮಲಗುವ ಮೊದಲು ತೆಗೆದಿಡಿ. ನಿದ್ದೆಯಲ್ಲಿ ಹೊಟ್ಟೆಗೆ ಹೋದರೆ ಸಾಮಾನ್ಯವಾಗಿ ತಾನೇ ದಾರಿ ಹುಡುಕಿಕೊಳ್ಳುತ್ತದೆ, ಉಸಿರಿನ ದಾರಿ ಹಿಡಿದರೆ ಆಸ್ಪತ್ರೆಯೇ ಗತಿ.

ರಾತ್ರಿ ಚಾಪೆಗಳ ಮೇಲೆ ಎಲ್ಲರೂ ಗೊರಕೆ ಹೊಡೆಯುವಾಗ ನಾಲಿಗೆ ಮಾತ್ರ ಎಚ್ಚರ. ಬೇಡ ಅಂದರೂ ಆ ಹಳ್ಳಕ್ಕೇ ಹೋಗಿ ಬರುತ್ತದೆ. ಒಳಗಿನ ಹಳ್ಳ ಬಾವಿಯಷ್ಟು ಅನಿಸುತ್ತದೆ. ಹಲ್ಲಿಲ್ಲದ ಅಜ್ಜಂದಿರು ಇಷ್ಟು ಗಲಾಟೆ ಮಾಡುತ್ತಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಜಗಲಿಯಲ್ಲಿ ಕುಟ್ಟಾಣಿಯ ಟಣ್ ಟಣ್ ಕೇಳುತ್ತಿತ್ತು. ಎಲೆ, ಅಡಿಕೆ, ಸುಣ್ಣ ಎಲ್ಲವನ್ನೂ ಅದೇ ಅಗಿದುಕೊಡುತ್ತಿತ್ತು. ಕೆಲವರು ಚಕ್ಕುಲಿಯನ್ನೂ ಅದಕ್ಕೇ ಹಾಕಿ ಕುಟ್ಟಿ, ಪುಡಿಯನ್ನು ಅಂಗೈಯಿಂದ ಬಾಯಿಗೆ ಎಸೆದುಕೊಳ್ಳುತ್ತಿದ್ದರು. ಆ ಸದ್ದು ನಿಂತ ದಿನ ಮನೆಯಲ್ಲಿ ಯಾರಿಗೂ ಏನು ನಿಂತಿತು ಎಂದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಸೋಮವಾರದ ಕ್ಲಿನಿಕ್ಕಿನಲ್ಲಿ, ಅಡಿಯ ಹಲ್ಲು ಚೆನ್ನಾಗಿದ್ದರೆ, ಕೆಲಸ ಬಹಳವಿಲ್ಲ. ಹಳೆ ಸಿಮೆಂಟು ಕೆರೆದು, ಹಲ್ಲು ಒಣಗಿಸಿ, ಹೊಸದು ತುಂಬಿ ಕೂರಿಸಿ, ಹತ್ತಿ ಕಚ್ಚಿಸಿ ಕೂರಿಸುತ್ತಾರೆ. ಆಮೇಲೆ ನೀಲಿ ಕಾಗದ ಕಚ್ಚಿಸಿ ‘ಎತ್ತರ ಅನ್ನಿಸ್ತಿದ್ಯಾ?’ ಎಂದು ಕೇಳುತ್ತಾರೆ. ಇಲ್ಲಿ ಸಂಕೋಚ ಬೇಡ. ಕೂದಲೆಳೆಯಷ್ಟು ಎತ್ತರ ಉಳಿದರೂ ಪ್ರತಿ ತುತ್ತಿನ ಭಾರ ಮೊದಲು ಅದರ ಮೇಲೇ ಬಿದ್ದು ನಾಲ್ಕು ದಿನಕ್ಕೆ ನೋವು ಶುರು. ಒಂದು ದಿನ ಗಟ್ಟಿಯದು, ಅಂಟಿನದು ಬೇಡ, ಇನ್ನೊಂದು ಕಡೆಯಿಂದ ಅಗಿಯಿರಿ ಎಂದು ಕಳಿಸುತ್ತಾರೆ.

ಮನೆಗೆ ಬಂದರೆ ನೆಂಟರು ಮಧ್ಯಾಹ್ನದ ಬಸ್ಸಿಗೆ ಹೊರಟಾಗಿರುತ್ತದೆ. ಡಬ್ಬಿ ಮೇಜಿನ ಮೇಲೇ ಇರುತ್ತದೆ, ‘ವಾಸಿಯಾದ ಮೇಲೆ ತಿನ್ನಲಿ’ ಎಂದು ಅತ್ತೆ ಹೇಳಿ ಹೋಗಿರುತ್ತಾರೆ. ಒಳಗೆ ಇನ್ನೂ ಹನ್ನೊಂದು ಕೋಡುಬಳೆ. ಕುಟ್ಟಾಣಿ ಅಟ್ಟದ ಮೇಲೆ ಹಳೇ ಹಿತ್ತಾಳೆ ಪಾತ್ರೆಗಳ ಹಿಂದೆ ಎಲ್ಲೋ ಇರಬೇಕು. ಏಣಿ ಪಕ್ಕದ ಮನೆಯವರ ಹತ್ತಿರ ಇದೆ.